ದಡ್ಡಿಯ ಬಾಗಿಲಲ್ಲಿ ಕೂತವನು

ಮೇಲವಂಕಿ
15 ಜನವರಿ 2025

ಕಸ್ತೂರಿ ಮಗಳೇ,

ಒಂದು ವಾರವಾಯಿತು, ನಿನ್ನ ಫೋನು ಹತ್ತುತ್ತಿಲ್ಲ. ಹತ್ತಿದರೆ ನೀನು ಎತ್ತುತ್ತಿಲ್ಲ. ‘ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎನ್ನುವ ಆ ಹೆಣ್ಣುಮಗಳ ಜೊತೆ ನನಗೆ ಈಗ ಬೀಗತನ ಮಾಡುವಷ್ಟು ಸಲಿಗೆಯಾಗಿದೆ. ಅದಕ್ಕೇ ಪೆನ್ನು ಹಿಡಿದೆ. ಏಳನೇ ಇಯತ್ತೆಯವರೆಗೆ ಕಲಿತವನು ನಾನು. ನಮ್ಮ ಸಾಲಿಯ ಮಾಸ್ತರು ನನ್ನ ಪಾಟಿಯನ್ನು ಎತ್ತಿ ಹಿಡಿದು ಬಾಕಿ ಹುಡುಗರಿಗೆ ತೋರಿಸುತ್ತಿದ್ದರು. ಹಿಂದಿನಿಂದ ಕಿವಿ ಹಿಂಡುತ್ತಿದ್ದರು, ಅದು ಬೇರೆ ಮಾತು.

ಭಾನುವಾರ ನೀನು ಬರಲಿಲ್ಲ. ನಾನು ಎಂದಿನಂತೆ ಕುರಿಗಳನ್ನು ಬೇಗ ಹೊರಗೆ ಬಿಟ್ಟು, ಕುರಿದಡ್ಡಿ ಗುಡಿಸಿ, ಹಿಕ್ಕೆಯ ನಾತ ಹೋಗಲೆಂದು ಬೇವಿನ ಸೊಪ್ಪಿನ ಹೊಗೆ ಹಾಕಿ, ನೀನು ಕೂರುವ ಕಲ್ಲಿನ ಮೇಲೆ ಮಡಿಕಂಬಳಿ ಹಾಸಿ ಇಟ್ಟಿದ್ದೆ. ಹನ್ನೊಂದಾಯಿತು, ಹನ್ನೆರಡಾಯಿತು. ಧಾರವಾಡದ ನಿನ್ನ ಮೇಡಂ ಫೋನಿನಲ್ಲಿ ಕಾಯುತ್ತಿರಬಹುದೆಂದು ನನಗೇ ಜೀವ ಚುರುಗುಟ್ಟಿತು. ಹುಕ್ಕೇರಿ ದವಾಖಾನೆಯ ಡಾಕ್ಟರು ಮನಸ್ಸಿನ ಭಾರ ಹೇಳಿಕೋ ಎಂದು ನಿನಗೆ ಆ ಮೇಡಮ್ಮನ ಹೆಸರು ಬರೆದುಕೊಟ್ಟಾಗ ‘ಮಾತು ಕೇಳಾಕೂ ಲೈಸೆನ್ಸ್ ಬೇಕೇನಬೇ?’ ಎಂದು ನಾನೇ ನಕ್ಕಿದ್ದೆ. ಈಗ ಹತ್ತು ಭಾನುವಾರ ನಿನ್ನನ್ನು ನೋಡಿ ಹೇಳುತ್ತೇನೆ, ಆಕೆ ಸಾಮಾನ್ಯದವಳಲ್ಲ. ದಡ್ಡಿಯಿಂದ ಹೊರಗೆ ಬರುವಾಗ ನಿನ್ನ ಮುಖ ಒಗೆದ ಅರಿವೆಯಂತೆ ಹಗುರಾಗಿರುತ್ತಿತ್ತು. ಗಂಡನ ಮನೆಯಲ್ಲಿ ಮೂಲೆಯಿಲ್ಲದವಳಿಗೆ ಮೂಲೆ ಕೊಟ್ಟವನು ಯಾರು? ಬಾಗಿಲಲ್ಲಿ ಬಡಿಗೆ ಹಿಡಿದು ಕೂತು ನೊಣವನ್ನೂ ಒಳಗೆ ಬಿಡದವನು ಯಾರು? ಮೇಡಮ್ಮನ ಕಾಗದದಲ್ಲಿ ‘ತುರ್ತು ಸಮಯದಲ್ಲಿ ತಿಳಿಸಬೇಕಾದವರು’ ಎಂಬಲ್ಲಿ ಯಾರ ಹೆಸರಿದೆ? ಇದನ್ನು ನಾನು ಊರಲ್ಲಿ ನಾಲ್ಕು ಮಂದಿಗೆ ಹೇಳಿಕೊಂಡಿಲ್ಲ, ಇಬ್ಬರಿಗೆ ಮಾತ್ರ ಹೇಳಿದ್ದೇನೆ.

ಇನ್ನು ಸಂತೋಷದ ಸುದ್ದಿ. ಕಳೆದ ಬುಧವಾರ ಮೂಡಲಗಿಯ ಡೊಳ್ಳಿನ ಹಾಡಕಿ ಪಂದ್ಯದಲ್ಲಿ ಬೆಳ್ಳಿ ಕಡಗ ನಮ್ಮ ಮೇಳಕ್ಕೆ ಬಂತು. ಎದುರಿಗೆ ಘೋಡಗೇರಿಯ ಬಾಳೇಶನ ಮೇಳ. ಅತ್ತೆ ಹೆಚ್ಚೋ ಸೊಸೆ ಹೆಚ್ಚೋ ಎಂದು ಸವಾಲು. ಬಾಳೇಶ ಸೊಸೆಯ ಕಡೆ, ನಾನು ಅತ್ತೆಯ ಕಡೆ. ಮಧ್ಯಾಹ್ನದ ಹೊತ್ತಿಗೆ ಅವನು ನಮ್ಮನ್ನು ಅಡ್ಡ ಕೆಡವಿಬಿಟ್ಟಿದ್ದ. ಆಗ ನಾನು ಎದ್ದು ನಿಂತು ಒಂದು ಪದ ಬಿಟ್ಟೆ ನೋಡು:

ಅತ್ತಿ ಹೊಂಟಾಳವ್ವ ಮ್ಯಾಲಿನ ಊರಿಗಿ
ಸೊಸಿ ನೋಡ್ಯಾಳ ತಲಿದಿಂಬ ಯಾವ ಮೂಲಿಗಿ
ಚಮಚ ಬಡದರ ಬಟ್ಲ ಟಣ್ ಟಣ್ ಅಂದಿತ್ತ
ಇನ್ನ್ಯಾರು ಕರದಾರು, ನಿದ್ದಿ ಬಂದಿತ್ತ

‘ಟಣ್ ಟಣ್’ ಎಂಬಲ್ಲಿ ಡೊಳ್ಳಿನ ಅಂಚಿಗೆ ಕೋಲು ಬಡಿದೆ. ಮಂದಿ ಬಿದ್ದು ಬಿದ್ದು ನಕ್ಕರು. ಮೊಬೈಲು ಹಿಡಿದವರು ‘ಮತ್ತೊಮ್ಮಿ, ಮತ್ತೊಮ್ಮಿ’ ಎಂದು ನಾಲ್ಕು ಸಲ ಹಾಡಿಸಿದರು. ಯಾರ ಹೆಸರೂ ಅದರಲ್ಲಿಲ್ಲ. ನೀನು ಕೇಳಿದ್ದರೆ ನೀನೂ ನಗುತ್ತಿದ್ದೆ.

ಬರುವ ಭಾನುವಾರ ಬಾ. ಕಡಗ ತೋರಿಸುತ್ತೇನೆ.

ಹಾಡಕಿಯ ಹುಲಿ, ನಿನ್ನ ಕಾಕಾ,
ಮಾಲಿಂಗಪ್ಪ


ಹತ್ತರಗಿ
21 ಜನವರಿ 2025

ಕಾಕಾ ಅವರಿಗೆ,

ನಿಮ್ಮ ಪತ್ರ ಬಂತು. ನಿಮ್ಮ ಫೋನ್ ನಂಬರನ್ನು ನಾನೇ ತಡೆದಿದ್ದೇನೆ.

ಪದ ನನಗೂ ತಲುಪಿದೆ. ಹಾಡಕಿಯಾದ ಮರುದಿನವೇ ಹೆದ್ದಾರಿ ಬಾಜೂ ಚಹಾದಂಗಡಿಯಲ್ಲಿ ನಮ್ಮೂರಿನ ಅಣ್ಣಾಸಾಹೇಬ ಅದನ್ನು ಮೊಬೈಲಿನಲ್ಲಿ ಹಚ್ಚಿ ಕೂತಿದ್ದನಂತೆ. ಇವರು ಟೆಂಪೋ ನಿಲ್ಲಿಸಿ ಚಹಾಕ್ಕೆ ಹೋದಾಗ ‘ದುಂಡೇಶಾ, ಇದ ನಿಮ್ಮ ಅವ್ವನ ಬಟ್ಲ ಅಲ್ಲೇನೋ?’ ಎಂದನಂತೆ. ಹೆಸರು ಹಾಕಿಲ್ಲ ಎಂದು ಬರೆದಿದ್ದೀರಿ. ಲಕ್ವಾ ಹೊಡೆದು ಮಾತು ಹೋದ ಮೇಲೆ ನಮ್ಮ ಅತ್ತೆ ಸಾತವ್ವ ಮೂರು ವರ್ಷ ಸ್ಟೀಲಿನ ಬಟ್ಟಲಿಗೆ ಚಮಚ ಬಡಿದೇ ನನ್ನನ್ನು ಕರೆಯುತ್ತಿದ್ದರು. ನಮ್ಮ ಓಣಿಯ ನಾಯಿಗೂ ಆ ಸಪ್ಪಳ ಗೊತ್ತು. ಹೆಸರು ಯಾಕೆ ಬೇಕು?

ಇವರು ಮನೆಗೆ ಬಂದು ಮೊಬೈಲನ್ನು ನನ್ನ ಹೊಲಿಗೆ ಮಶಿನ್ನಿನ ಮೇಲಿಟ್ಟು ಪೂರ್ತಿ ಕೇಳಿಸಿದರು. ‘ಇದು ನಿನ್ನ ಮಾತೇನು?’ ಎಂದರು. ನಾನು ಹೌದು ಎಂದೆ. ಸುಳ್ಳು ಹೇಳಲು ಬರಲಿಲ್ಲ. ಆವತ್ತಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ಉಣ್ಣುತ್ತಾರೆ, ಕೈ ತೊಳೆಯುತ್ತಾರೆ, ಹೋಗಿ ಟೆಂಪೋದಲ್ಲಿ ಮಲಗುತ್ತಾರೆ.

ನೀವು ಬಾಗಿಲಲ್ಲಿ ಕೂತಿದ್ದೀರಿ ಎಂದೇ ನಾನು ಒಳಗೆ ಧೈರ್ಯವಾಗಿ ಬಾಯಿ ತೆರೆದಿದ್ದೆ. ಅತ್ತೆಯ ಉಸಿರು ನಿಂತಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಇನ್ನು ಮಲಗಬಹುದು ಎಂಬ ಮಾತು. ಅದನ್ನು ನಾನು ಐದು ತಿಂಗಳು ನನಗೇ ಹೇಳಿಕೊಂಡಿರಲಿಲ್ಲ. ಅವ್ವನಿಗೆ ಹೇಳಿರಲಿಲ್ಲ, ಕಾಕಿಗೆ ಹೇಳಿರಲಿಲ್ಲ. ಮೊದಲು ಹೇಳಿದ್ದು ಅನ್ನಪೂರ್ಣಾ ಮೇಡಮ್ಮನಿಗೆ.

ಇನ್ನೊಂದು ಮಾತು. ನನ್ನ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ನಿಮಗೆ ಕೇಳಿಸಿದ್ದು ನನ್ನ ಅರ್ಧ ಮಾತ್ರ. ಅದಕ್ಕೆ ಮೇಡಂ ಕೊಟ್ಟ ಉತ್ತರ ನಿಮಗೆ ಕೇಳಿಸಲಿಲ್ಲ. ಮೂರು ವರ್ಷ ಸರಿಯಾಗಿ ಮಲಗದ ಮೈ ನಿದ್ದೆ ಬೇಡಿದರೆ ಅದು ಸಾವನ್ನು ಬೇಡಿದಂತಲ್ಲ ಎಂದರು ಅವರು. ನೀವು ಅರ್ಧವನ್ನು ಒಯ್ದು ಡೊಳ್ಳಿಗೆ ಕಟ್ಟಿದಿರಿ.

ಭಾನುವಾರದ ಮಾತು ನಿಲ್ಲಿಸಿದ್ದೇನೆ. ಮೇಡಂ ಎರಡು ಸಲ ಸಂದೇಶ ಕಳಿಸಿದರು, ಉತ್ತರ ಕೊಟ್ಟಿಲ್ಲ. ಬಾಯಿ ತೆರೆಯಬೇಕೆಂದರೆ ಮಂದಿ ನಕ್ಕದ್ದು ಕೇಳಿಸುತ್ತದೆ.

ಕಸ್ತೂರಿ


ಮೇಲವಂಕಿ
25 ಜನವರಿ 2025

ಮಗಳೇ ಕಸ್ತೂರಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ‘ನೀವು’ ಎಂದದ್ದು. ನಿನ್ನ ಅಪ್ಪ, ನಮ್ಮ ಅಲ್ಲಪ್ಪಣ್ಣ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ಆವತ್ತಿನಿಂದ ನನ್ನ ಹೆಗಲ ಮೇಲೆ ಕೂತು, ತಲೆಗೂದಲು ಜಗ್ಗಿ, ‘ಕಾಕಾ, ನೀ ಕುದುರಿ ಆಗು’ ಅಂದವಳು ನೀನು.

ಖರೆ ಹೇಳುತ್ತೇನೆ, ಬೇಕೆಂದು ಕೇಳಲಿಲ್ಲ. ಒಂದೇ ಒಂದು ಭಾನುವಾರ ಗಾಳಿ ನನ್ನ ಕಡೆ ಬೀಸುತ್ತಿತ್ತು, ಮಾತು ತಾನಾಗಿ ಕಿವಿಗೆ ಬಿತ್ತು. ಕಿವಿಗೆ ಬಾಗಿಲು ಇಲ್ಲವಲ್ಲ, ಏನು ಮಾಡಲಿ?

ಮೂಡಲಗಿಯಲ್ಲಿ ಏನಾಯಿತೆಂದು ನಿನಗೆ ಗೊತ್ತಾದರೆ ನೀನು ಇಷ್ಟು ಸಿಟ್ಟಾಗುವುದಿಲ್ಲ. ಬಾಳೇಶ ನನ್ನನ್ನು ‘ಮೇಲವಂಕಿ ಮುದಿ ಟಗರು, ಕೋಡು ಐತಿ, ಹಾಯಾಕ ಬರೂದಿಲ್ಲ’ ಎಂದು ಹಾಡಿ ನಗಿಸುತ್ತಿದ್ದ. ನಮ್ಮ ಮೇಳದ ದುರ್ಗಪ್ಪ ಹಿಂದಿನಿಂದ ‘ಅಣ್ಣಾ, ಏನರ ಬಿಡೋ, ಮಾನ ಹೊಕ್ಕೈತಿ’ ಅನ್ನುತ್ತಿದ್ದ. ನಲ್ವತ್ತು ವರ್ಷದಿಂದ ಪದ ಕಟ್ಟಿದ ತಲೆ ಆವತ್ತು ಬರಿದಾಗಿತ್ತು. ಬಾಯಿ ತೆರೆದೆ, ನಿನ್ನ ಮಾತು ಬಂತು. ನಾನು ಕರೆಯಲಿಲ್ಲ. ಅದೇ ಪ್ರಾಸ ಕಟ್ಟಿಕೊಂಡು ಬಂತು. ಹಾಡುವಾಗ ಅದು ನಿನ್ನದು ಎಂಬ ನೆನಪೂ ಇರಲಿಲ್ಲ. ನೆನಪಾದದ್ದು ನಾಲ್ಕನೇ ಸಲ ಹಾಡುವಾಗ. ಅಷ್ಟರಲ್ಲಿ ಮಂದಿ ನಗುತ್ತಿದ್ದರು.

ಹಂಗಿರಲಿ. ಕೆಡಿಸಿದವನೇ ಸರಿ ಮಾಡುತ್ತೇನೆ. ನಿನ್ನ ಕಾಕಾನಿಗೆ ಅದೇನು ದೊಡ್ಡ ಮಾತಲ್ಲ. ಎರಡು ಹಾದಿ ಹುಡುಕಿದ್ದೇನೆ. ಒಂದು, ಸೊಸೆಯ ಸೇವೆಯನ್ನು ಹೊಗಳಿ ಹದಿನಾರು ನುಡಿಯ ಹೊಸ ಪದ ಕಟ್ಟಿ, ಅದೇ ಮೂಡಲಗಿಯಲ್ಲಿ ಹಾಡಿ, ಮೊಬೈಲಿನಲ್ಲಿ ಊರೂರಿಗೆ ಬಿಡುತ್ತೇನೆ. ಅದರಲ್ಲಿ ನಿನ್ನ ಹೆಸರು, ಹತ್ತರಗಿಯ ಹೆಸರು ಎರಡೂ ಬರುತ್ತವೆ. ಎರಡು, ನಾಳೆಯದು ಬಿಟ್ಟು ಮುಂದಿನ ಭಾನುವಾರ, ಎರಡನೇ ತಾರೀಕಿಗೆ, ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಅಳಿಯನನ್ನು ಎದುರು ಕೂರಿಸಿ ನಾನು ಮಾತಾಡಿದರೆ ಬಂಡೆಯೂ ಕರಗುತ್ತದೆ.

ನೀನು ಚಹಾದ ನೀರು ಇಡು, ಸಾಕು.

ನಿನ್ನ ಕಾಕಾ,
ಮಾಲಿಂಗಪ್ಪ


ಹತ್ತರಗಿ
30 ಜನವರಿ 2025

ಕಾಕಾ ಅವರಿಗೆ,

ಪದ ಕಟ್ಟಬೇಡಿ. ಮನೆಗೆ ಬರಬೇಡಿ. ಯಾರಿಗೂ ಏನೂ ಹೇಳಬೇಡಿ.

ಕಸ್ತೂರಿ


ಮೇಲವಂಕಿ
3 ಫೆಬ್ರವರಿ 2025

ಕಸ್ತೂರಿ,

ಬರಬೇಡಿ ಎಂದ ನಿನ್ನ ಪತ್ರ ಇವತ್ತು ಕೈಗೆ ಬಂತು. ನಿನ್ನೆಯೇ ನಾವು ಬಂದು ಹೋದೆವು.

ನೀನು ಒಳಗೆ ಮಶಿನ್ ತುಳಿಯುತ್ತಿದ್ದೆ. ನಾವು ಬಂದದ್ದು ಗೊತ್ತಾದರೂ ಮಶಿನ್ ನಿಲ್ಲಲಿಲ್ಲ. ಆ ಸಪ್ಪಳ ಎಷ್ಟು ಜೋರಾಗಿತ್ತೆಂದರೆ ಸೂಜಿಯ ಕೆಳಗೆ ಬಟ್ಟೆ ಇಡದೇ ಬರೇ ತುಳಿಯುತ್ತಿದ್ದೀಯೋ ಏನೋ ಎಂದುಕೊಂಡೆ. ಹಿರಿಯರಿಗೆ ನಾನು ‘ಅಳಿಯನ ಮನ್ಯಾಗ ಸಣ್ಣ ಮುನಿಸು’ ಎಂದಷ್ಟೇ ಹೇಳಿ ಕರೆತಂದಿದ್ದೆ. ಜಮಖಾನೆಯ ಮೇಲೆ ಕೂತೆವು. ದುರ್ಗಪ್ಪ ಮೀಸೆ ತಿರುವಿ, ‘ಏನ್ ಆಗೇತಿ ಅಂತ ಮೊದಲ ಹೇಳ್ರಿ, ಆಮ್ಯಾಲ ತಿದ್ದೋಣ’ ಎಂದ. ದುಂಡೇಶ ಜಮಖಾನೆಯ ಅಂಚು ಎಳೆದು ಹಾಸುತ್ತಿದ್ದ. ನನಗೆ ಸುಮ್ಮನಿರಲು ಬಂದೀತೇ? ಗಂಟಲು ಸರಿಮಾಡಿಕೊಂಡು, ‘ಏನಿಲ್ಲಪಾ, ನಮ್ಮ ಕಸ್ತೂರಿ ಒಂದಿನ ಏನಂದಿದ್ಲು ಅಂದ್ರ...’ ಎಂದು ಶುರು ಮಾಡಿದೆ.

ಅಷ್ಟರಲ್ಲಿ ದುಂಡೇಶ ಎದ್ದು ಒಳಗೆ ಹೋಗಿ ಚಹಾ ತಂದ. ಉಳಿದವರಿಗೆ ಕಪ್ಪು-ಬಸಿಯಲ್ಲಿ. ನನ್ನ ಮುಂದೆ ಒಂದು ಸ್ಟೀಲಿನ ಬಟ್ಟಲು ಇಟ್ಟ. ‘ಕುಡೀರಿ ಮಾವಾರ’ ಎಂದ. ಅಷ್ಟೇ.

ಅಂಚು ನೆಗ್ಗಿತ್ತು, ಕಸ್ತೂರಿ. ಒಂದು ಕಡೆ ಮಾತ್ರ, ಬಲಗೈ ಬಡಿಯುವ ಕಡೆ. ಅಲ್ಲಿ ಬೆರಳಿಟ್ಟರೆ ಸಣ್ಣ ಸಣ್ಣ ತಗ್ಗುಗಳು ಸಾಲಾಗಿ ಹತ್ತುತ್ತವೆ. ಒಂದು ತಗ್ಗು ಬೀಳಬೇಕಾದರೆ ಎಷ್ಟು ಏಟು ಬೇಕು? ಒಂದೊಂದು ಏಟಿಗೂ ನೀನು ಎದ್ದಿದ್ದೀಯಲ್ಲ. ನಾನು ಡೊಳ್ಳಿನ ಮೇಲೆ ಆ ಸಪ್ಪಳವನ್ನು ನಾಲ್ಕು ಸಲ ಬಡಿದು ಕಡಗ ಹಾಕಿಕೊಂಡಿದ್ದೆ. ಆ ಕಡಗ ನನ್ನ ಮುಂಗೈಯಲ್ಲೇ ಇತ್ತು. ಬಟ್ಟಲು ಎತ್ತುವಾಗ ಅದಕ್ಕೆ ತಾಗಿ ಟಣ್ ಎಂದಿತು. ಒಳಗೆ ನಿನ್ನ ಮಶಿನ್ ನಿಂತಿತು.

ಚಹಾ ಕುಡಿಯಲು ಆಗಲಿಲ್ಲ. ದುರ್ಗಪ್ಪ ‘ಹೇಳೋ ಅಣ್ಣಾ, ಏನಂದಿದ್ಲು?’ ಎಂದು ಮತ್ತೆ ಕೇಳಿದ. ‘ಏನೂ ಅಂದಿಲ್ಲ, ನಡೀರಿ’ ಎಂದು ಎದ್ದುಬಿಟ್ಟೆ. ಗೋಕಾಕಿನವರೆಗೆ ಬಸ್ಸಿನಲ್ಲಿ ಅವರು ನನ್ನನ್ನು ಬೈಯುತ್ತಲೇ ಬಂದರು, ಇಷ್ಟು ದೂರ ಬರೇ ಚಹಾಕ್ಕೆ ಕರೆದುಕೊಂಡು ಬಂದನೆಂದು.

ಹೊಸ ಪದ ಹನ್ನೊಂದು ನುಡಿ ಆಗಿತ್ತು. ಒಲೆಗೆ ಹಾಕಿದೆ.

ಕಾಕಾ


ಮೇಲವಂಕಿ
11 ಫೆಬ್ರವರಿ 2025

ಧಾರವಾಡದ ಅನ್ನಪೂರ್ಣಾ ಮೇಡಂ ಅವರಿಗೆ, ಮೇಲವಂಕಿಯ ಕುರಿಗಾರ ಮಾಲಿಂಗಪ್ಪ ಕೈಮುಗಿದು ಬರೆಯುವುದು,

ನಿಮ್ಮ ವಿಳಾಸ ನನ್ನ ಹತ್ತಿರ ಇದೆ. ತುರ್ತಿಗೆ ನನ್ನ ಹೆಸರು ಕೊಟ್ಟ ದಿನ ನಮ್ಮ ಅಣ್ಣನ ಮಗಳು ಕಸ್ತೂರಿಯೇ ಇದನ್ನು ಬರೆದುಕೊಟ್ಟಿದ್ದಳು. ಇದು ತುರ್ತು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ನನಗೆ ಊಟ ಸೇರುತ್ತಿಲ್ಲ.

ಆಕೆ ನಿಮಗೆ ಹೇಳಿದ ಮಾತು, ಅತ್ತೆ ಸತ್ತಾಗ ನಿದ್ದೆ ನೆನಪಾಯಿತು ಎಂಬುದು, ಅದನ್ನು ನಾನು ಕದ್ದು ಕೇಳಿ ಹಾಡಿಬಿಟ್ಟೆ. ನನಗೆ ಒಂದೇ ಭಾನುವಾರ ಕೇಳಿಸಿತೆಂದು ಆಕೆಗೆ ಬರೆದಿದ್ದೇನೆ. ಅದು ಸುಳ್ಳು. ಮೊದಲನೇ ಭಾನುವಾರ ಬಿಟ್ಟು ಬಾಕಿ ಒಂಬತ್ತೂ ಕೇಳಿದ್ದೇನೆ. ಮೊದಲ ದಿನ ನನ್ನ ಕಂಬಳಿ ಬೇವಿನ ಗಿಡದ ಕೆಳಗಿತ್ತು. ಆಮೇಲೆ ವಾರಕ್ಕೆ ಎರಡು ಮೊಳ ಅದನ್ನು ಬಾಗಿಲ ಕಡೆ ಸರಿಸಿದೆ. ಕೊನೆಗೆ ತಗಡಿನ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ.

ಯಾಕೆ ಕೇಳಿದೆನೆಂದರೆ, ಆ ಮನೆಗೆ ಆಕೆಯನ್ನು ನೋಡಿ ಕೊಟ್ಟವನು ನಾನು. ‘ಹುಡುಗ ಚಲೋ, ಅತ್ತಿ ಗಟ್ಟಿ, ನೂರು ವರ್ಷ ಬಾಳ್ತಾಳ’ ಎಂದು ಊರ ತುಂಬ ಹೇಳಿಕೊಂಡವನು. ಮದುವೆಯಾದ ಎರಡನೇ ವರ್ಷಕ್ಕೆ ಅತ್ತೆ ಹಾಸಿಗೆ ಹಿಡಿದಳು. ಕಸ್ತೂರಿ ನನ್ನನ್ನು ಬೈಯುತ್ತಾಳೋ, ಇಲ್ಲ ಸಾಕಿದ ಕಾಕಾ ಎಂದು ಹೊಗಳುತ್ತಾಳೋ ಎಂದು ನನ್ನ ಹೆಸರಿಗಾಗಿ ಕಾಯುತ್ತಿದ್ದೆ. ಒಂಬತ್ತು ವಾರದಲ್ಲಿ ಒಂದು ಸಲವೂ ಬರಲಿಲ್ಲ.

ಮಾತು ಕೇಳುವುದಕ್ಕೆ ಲೈಸೆನ್ಸ್ ಯಾಕೆ ಬೇಕು ಎಂದು ನಗುತ್ತಿದ್ದೆ. ಈಗ ಗೊತ್ತಾಯಿತು.

ಒಂದೇ ಕೇಳುತ್ತೇನೆ. ಆಕೆ ನಿಮ್ಮ ಜೊತೆ ಮತ್ತೆ ಮಾತಾಡುತ್ತಿದ್ದಾಳೋ ಇಲ್ಲವೋ? ಹೌದು, ಇಲ್ಲ, ಇಷ್ಟು ಬರೆದರೆ ಸಾಕು.

ಮಾಲಿಂಗಪ್ಪ


ಧಾರವಾಡ
20 ಫೆಬ್ರವರಿ 2025

ಮಾಲಿಂಗಪ್ಪನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನೀವು ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ನಾನು ಬರೆಯುವಂತಿಲ್ಲ. ಯಾರು ನನ್ನ ಬಳಿ ಬರುತ್ತಾರೆ, ಯಾರು ಬರುವುದನ್ನು ನಿಲ್ಲಿಸಿದ್ದಾರೆ, ಈ ಎರಡನ್ನೂ ನಾನು ಯಾರಿಗೂ ಹೇಳುವುದಿಲ್ಲ. ಸಾಕಿದ ಚಿಕ್ಕಪ್ಪನಿಗೂ ಇಲ್ಲ. ಇದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ. ನನ್ನ ಕೆಲಸವೇ ಹಾಗೆ. ತುರ್ತು ಸಂಪರ್ಕದ ಹೆಸರು ಇರುವುದು ಜೀವಕ್ಕೆ ಅಪಾಯವಿರುವ ಹೊತ್ತಿಗೆ ಮಾತ್ರ.

ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಬೇಕು. ಕೇಳಿಸಿಕೊಂಡ ಮಾತನ್ನು ನೀವು ಈ ಪತ್ರದಲ್ಲಿ ನನಗೆ ಮತ್ತೊಮ್ಮೆ ಬರೆದಿದ್ದೀರಿ. ತಪ್ಪೊಪ್ಪಿಗೆಯ ನೆಪದಲ್ಲಿಯೂ ಅದನ್ನು ಇನ್ನು ಯಾರಿಗೂ ಹೇಳಬೇಡಿ, ನನಗೂ ಸಹ.

ಒಬ್ಬರ ಬಗ್ಗೆ ಬಂದ ಪತ್ರವನ್ನು ಅವರಿಗೆ ತಿಳಿಸದೆ ನಾನು ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಇದರಲ್ಲಿರುವುದು ಗುಟ್ಟಾಗಿ ಉಳಿಯುತ್ತದೆಂದು ಭಾವಿಸಬೇಡಿ.

ಊಟ ಸೇರದಿರುವುದು ನಿಮ್ಮ ಸ್ವಂತ ಮಾತು. ಅದರ ಬಗ್ಗೆ ಮಾತಾಡಬೇಕೆನಿಸಿದರೆ ಬೇರೊಬ್ಬ ನೋಂದಾಯಿತ ಸಮಾಲೋಚಕರ ಹೆಸರು ಕೊಡಬಲ್ಲೆ. ಅವರೂ ಫೋನಿನಲ್ಲೇ ಸಿಗುತ್ತಾರೆ.

ಅನ್ನಪೂರ್ಣಾ
ಆಪ್ತ ಸಮಾಲೋಚಕಿ


ಮೇಲವಂಕಿ
18 ಮಾರ್ಚ್ 2025

ಕಸ್ತೂರಿಗೆ ನಿನ್ನ ಕಾಕಿ ಸೀತವ್ವ ಬರೆಯುವುದು,

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಅಕ್ಷರ ಸೊಟ್ಟ ಇದ್ದರೆ ನಗಬೇಡ. ನಿನಗೂ ನಿನ್ನ ಕಾಕಾನಿಗೂ ಏನಾಗಿದೆಯೋ ನಾನು ಅರಿಯೆ. ಕೇಳಿದರೆ ಇವರು ಹೇಳುವುದಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ಹೇಳದೇ ಇಟ್ಟುಕೊಂಡ ಮಾತು ಇದೊಂದೇ. ಅದಕ್ಕೇ ನನಗೆ ಅಂಜಿಕೆ.

ಮೊನ್ನೆ ಭಾನುವಾರ ಘೋಡಗೇರಿಯಲ್ಲಿ ಹಾಡಕಿ ಇತ್ತು. ಹೆಂಗಸರ ಕಡೆ ನಾನೂ ಕೂತಿದ್ದೆ. ಮುಂಜಾನೆಯಿಂದ ಇವರು ಚೆನ್ನಾಗಿಯೇ ಹಾಡಿದರು, ಆದರೆ ಮೊದಲಿನ ಕುಣಿತ ಇರಲಿಲ್ಲ. ಊಟದ ಮೇಲೆ ಆ ಬಾಳೇಶ ಎದ್ದು ಬಂದ. ‘ಮೇಲವಂಕಿ ಮಾವಾ, ಆ ಟಣ್ ಟಣ್ ಪದ ಇನ್ನೊಮ್ಮಿ ಬಿಡ್ರಿ. ನಮ್ಮ ಹತ್ರ ಅದಕ್ಕ ಜವಾಬು ಐತಿ. ಹಾಡೂದಿಲ್ಲಂದ್ರ ಕಡಗ ಬಿಚ್ಚಿ ಇಡ್ರಿ’ ಎಂದ. ಮಂದಿಯೆಲ್ಲ ಟಣ್ ಟಣ್ ಎಂದು ಕೂಗಲು ಹತ್ತಿದರು. ಹುಡುಗರು ತಾಟಿಗೆ ಚಮಚ ಬಡಿದರು. ಮೊಬೈಲುಗಳೆಲ್ಲ ಮೇಲೆದ್ದವು.

ಇವರು ಡೊಳ್ಳು ಹಾಕಿಕೊಂಡು ಸುಮ್ಮನೆ ನಿಂತರು. ಬಾಯಿ ತೆರೆದರು, ಮುಚ್ಚಿದರು. ಎಷ್ಟೋ ಹೊತ್ತು ಹಾಗೇ ನಿಂತರು. ನನಗೆ ಇವರಿಗೂ ಲಕ್ವಾ ಹೊಡೆಯಿತೋ ಎಂದು ಎದೆ ಒಡೆಯಿತು. ಕೊನೆಗೆ, ‘ಆ ಪದ ನನ್ನದಲ್ಲ’ ಎಂದರು.

‘ಯಾರದ್ರಿ ಮತ್ತ?’ ಎಂದ ಬಾಳೇಶ.

ಇವರು ಹೇಳಲಿಲ್ಲ.

‘ಕದ್ದ ಪದಕ್ಕ ಬೆಳ್ಳಿ ಹಾಕ್ಕೊಂಡಾರ ನೋಡ್ರೆಪಾ’ ಎಂದು ಅವನು ಅಲ್ಲೇ ಪದ ಕಟ್ಟಿ ಹಾಡಿದ. ಏನು ನಗೆ, ಏನು ಸೀಟಿ. ತಮ್ಮ ಪದವನ್ನು ಇನ್ನೊಬ್ಬ ಗುನುಗಿದರೂ ಜಗಳಕ್ಕೆ ಹೋಗುತ್ತಿದ್ದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ಕಡಗ ಬಿಚ್ಚಲು ಹೋದರೆ ಬರಲಿಲ್ಲ, ಮುಂಗೈ ದಪ್ಪಾಗಿದೆಯಲ್ಲ. ನಳದ ಹತ್ತಿರ ಕೂತು ಸಾಬೂನು ಹಚ್ಚಿ ತಿರುವಿ ತಿರುವಿ ತೆಗೆದರು. ಚರ್ಮ ಕಿತ್ತು ರಕ್ತ ಬಂತು. ತೊಳೆದು, ಒರೆಸಿ, ಬಾಳೇಶನ ಕೈಯಲ್ಲಿ ಕೊಟ್ಟರು.

ದುರ್ಗಪ್ಪ ಇವರನ್ನು ಮೇಳದಿಂದ ಬಿಡಿಸಿದ್ದಾನೆ. ಹೋಗುವವರು ಬರುವವರು ಕಳ್ಳ ಹಾಡುಗಾರ ಎಂದು ನಗುತ್ತಾರೆ. ಇವರು ಒಂದು ಮಾತು ತಿರುಗಿಸಿ ಆಡಿಲ್ಲ. ಆದರೂ ಭಾನುವಾರ ಬಂದರೆ ದಡ್ಡಿ ಗುಡಿಸುತ್ತಾರೆ. ಯಾರಿಗೆ ಎಂದು ನಾನು ಕೇಳುವುದಿಲ್ಲ.

ನಿನಗೆ ಬರೆದದ್ದು ಇವರಿಗೆ ಗೊತ್ತಿಲ್ಲ. ಮೈ ಕಡೆ ಜೋಪಾನ.

ನಿನ್ನ ಕಾಕಿ,
ಸೀತವ್ವ


ಹತ್ತರಗಿ
14 ಏಪ್ರಿಲ್ 2025

ಕಾಕಾ,

ಘೋಡಗೇರಿಯಲ್ಲಿ ಏನಾಯಿತೆಂದು ನನಗೆ ತಿಳಿದಿದೆ. ಹೇಗೆ ಎಂದು ಕೇಳಬೇಡ. ಅದರ ವಿಡಿಯೋ ಕೂಡ ಅಣ್ಣಾಸಾಹೇಬನ ಕೈಗೆ ಬಂದಿತ್ತು. ಅವನು ನಗಲೆಂದೇ ಇವರಿಗೆ ತೋರಿಸಿದ. ಅದರಲ್ಲಿ ಹಾಡೇ ಇಲ್ಲ. ಎರಡು ನಿಮಿಷ ನೀನು ಸುಮ್ಮನೆ ನಿಂತಿದ್ದೀಯ, ಸುತ್ತ ಮಂದಿ ಕೂಗುತ್ತಾರೆ. ಇವರು ಕೊನೆಯವರೆಗೂ ನೋಡಿದರಂತೆ. ಚಹಾ ಅಲ್ಲೇ ಬಿಟ್ಟು ಮನೆಗೆ ಬಂದರು.

ನಾನು ಕಾಜಾ ಹೊಲಿಯುತ್ತಿದ್ದೆ. ಬಂದು ಹೊಸ್ತಿಲ ಮೇಲೆ ಕೂತು, ನನ್ನ ಕಡೆ ನೋಡದೆ, ‘ಚಮಚದ ಸಪ್ಪಳಾ ನನಗೂ ಕೇಳ್ತಿತ್ತು’ ಎಂದರು.

ನಾನು ಸೂಜಿ ನಿಲ್ಲಿಸಿದೆ.

‘ಮೂರು ವರ್ಷ ಕೇಳ್ತಿತ್ತು. ನಿದ್ದಿ ಬಂದಂಗ ಮಾಡಿ ಮಕ್ಕೋತಿದ್ದೆ, ನೀ ಏಳ್ತಿ ಅಂತ ಗೊತ್ತಿತ್ತು. ಆ ಪದ ಕೇಳಿದಾಗ ನನಗ ಸಿಟ್ಟು ಬಂದಿದ್ದು ನಿನ್ನ ಮ್ಯಾಲಲ್ಲ. ನಿನ್ನ ಮ್ಯಾಲ ಹಾಕಿಬಿಟ್ಟೆ, ಅದು ಸಸಾರ ಇತ್ತು.’

ಇಷ್ಟು ಹೇಳಿ ಎದ್ದು ಹೋಗಿ ಆ ಬಟ್ಟಲನ್ನು ತೊಳೆದು ನೀರು ತುಂಬಿ ನನ್ನ ಮುಂದೆ ಇಟ್ಟರು. ಆ ರಾತ್ರಿ ಮಲಗಲು ಇವರು ಟೆಂಪೋಗೆ ಹೋಗಲಿಲ್ಲ.

ಎರಡು ಭಾನುವಾರದಿಂದ ಮೇಡಮ್ಮನ ಜೊತೆ ಮತ್ತೆ ಮಾತು ಶುರುವಾಗಿದೆ. ದಡ್ಡಿಗೆ ಬರುವುದಿಲ್ಲ, ಕಾಕಾ. ಟೆಂಪೋದ ಮುಂದಿನ ಸೀಟಿನಲ್ಲಿ ಗಾಜು ಏರಿಸಿ ಕೂರುತ್ತೇನೆ. ಇವರು ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೆದ್ದಾರಿ ದಾಟಿ ಆಚೆ ಹೋಗಿ, ಬೆನ್ನು ಮಾಡಿ ನಿಲ್ಲುತ್ತಾರೆ. ಅಲ್ಲಿಗೆ ಲಾರಿಗಳ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ.

ನೀನು ಧಾರವಾಡಕ್ಕೆ ಬರೆದ ಪತ್ರವನ್ನು ಮೇಡಂ ನನಗೆ ಓದಿ ಹೇಳಿದರು. ಒಂಬತ್ತು ಭಾನುವಾರ ಎಂಬುದನ್ನು ಕೇಳಿ ಮತ್ತೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇದೆ, ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಹೆಸರು ಒಮ್ಮೆಯೂ ಬರಲಿಲ್ಲ ಎಂದು ಬರೆದಿದ್ದೀಯ. ಬಂದಿತ್ತು. ಮೊದಲನೇ ಭಾನುವಾರ, ನಿನ್ನ ಕಂಬಳಿ ಬೇವಿನ ಗಿಡದ ಕೆಳಗಿದ್ದ ದಿನ. ಬಹಳ ಹೊತ್ತು ನಿನ್ನ ಮಾತನ್ನೇ ಆಡಿದ್ದೆ. ಏನು ಹೇಳಿದೆನೆಂದು ನಿನಗೆ ಹೇಳುವುದಿಲ್ಲ.

ಮೇಡಮ್ಮನ ಕಾಗದವನ್ನು ಹೊಸದಾಗಿ ತುಂಬಿದೆ. ತುರ್ತಿನ ಹೆಸರಿನ ಜಾಗದಲ್ಲಿ ಇವರ ಹೆಸರು ಬರೆದಿದ್ದೇನೆ. ಕೆಳಗೆ ಎರಡನೇ ಹೆಸರಿಗೆ ಒಂದು ಗೆರೆ ಇದೆ. ಅದನ್ನು ತುಂಬಿಲ್ಲ. ಗೀಟು ಎಳೆದು ಹೊಡೆದೂ ಇಲ್ಲ.

ಮುಂಗೈಗೆ ಅರಿಶಿನ ಹಚ್ಚಿಕೋ.

ಕಸ್ತೂರಿ


ಮೇಲವಂಕಿ
21 ಏಪ್ರಿಲ್ 2025

ಕಸ್ತೂರಿ,

ಪತ್ರ ಬಂತು.

ಮುಂಗೈ ಮಾಯ್ದಿದೆ, ಕಪ್ಪು ಕಲೆ ಉಳಿದಿದೆ. ಇರಲಿ. ಮೊದಲನೇ ಭಾನುವಾರ ಏನೆಂದೆ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂದು ನಾಲಿಗೆ ತುದಿಗೆ ಬರುತ್ತದೆ, ದಿನಕ್ಕೆ ಹತ್ತು ಸಲ ಬರುತ್ತದೆ. ಬಂದಾಗ ಕುರಿ ಎಣಿಸುತ್ತೇನೆ.

ನಿನ್ನೆ ಭಾನುವಾರ ದಡ್ಡಿ ಗುಡಿಸಿದೆ. ನೀನು ಬರುವುದಿಲ್ಲವೆಂದು ಗೊತ್ತಿದ್ದೇ ಗುಡಿಸಿದೆ. ಹನ್ನೊಂದಕ್ಕೆ ಕುರಿಗಳ ಹಿಂದೆ ಗುಡ್ಡದ ಆಚೆ ಇಳಿಜಾರಿಗೆ ಹೋಗಿ ಕೂತೆ. ಅಲ್ಲಿಂದ ದಡ್ಡಿಯ ತಗಡು ಕೂಡ ಕಾಣುವುದಿಲ್ಲ. ಹನ್ನೆರಡಾದ ಮೇಲೆ ಎದ್ದು ಬಂದೆ.

ನಿನ್ನ ಪತ್ರ ಓದುವಾಗ ಕಾಕಿ ಬಾಜೂ ಕೂತು ಸೊಪ್ಪು ಬಿಡಿಸುತ್ತಿದ್ದಳು. ‘ಏನ್ ಬರದಾಳ್ರಿ ಕಸ್ತೂರಿ?’ ಎಂದಳು.

‘ಆರಾಮ ಅದಾಳಂತ’ ಎಂದೆ.

‘ಇಷ್ಟುದ್ದ ಪತ್ರದಾಗ ಅಷ್ಟೇ ಏನ್ರಿ?’

‘ಅಷ್ಟೇ’ ಎಂದೆ.

ಕಾಕಾ